ಅಕ್ಷರ ದೊಡ್ಡದಾದರೆ ಸಾಕು, ಡಾಕ್ಟ್ರೇ

ಓದಲು ಕಷ್ಟ ಅಂತ ಬಂದವರ ಕೈಗೆ ನಾನು ಮೊದಲು ಕೊಡುವುದು ಒಂದು ರಟ್ಟಿನ ಕಾರ್ಡು. ಮೇಲಿನ ಸಾಲಿನಲ್ಲಿ ದಪ್ಪ ಅಕ್ಷರ, ಕೆಳಗಿಳಿದಂತೆ ಸಣ್ಣದು. ಪಕ್ಕದಲ್ಲಿ ಎನ್36, ಎನ್18, ಎನ್8, ಎನ್6 ಎಂಬ ಗುರುತು. ಪೇಪರ್ ಓದಬೇಕಾದರೆ ಎನ್8ರ ಸಾಲಾದರೂ ಕಾಣಬೇಕು. ಒಮ್ಮೆ ಬಂದ ನಿವೃತ್ತ ಮೇಷ್ಟ್ರೊಬ್ಬರು ಹೊಸ ಕನ್ನಡಕ ಹಾಕಿಕೊಂಡರೂ ಎನ್18ಕ್ಕೇ ನಿಂತುಬಿಟ್ಟರು. ಕಣ್ಣಿನ ಹಿಂಬದಿಯಲ್ಲಿ ಬಿಂಬ ಮೂಡುವ ಪದರ, ಅಂದರೆ ಅಕ್ಷಿಪಟಲದ ನಡುಭಾಗ ಸವೆದಿತ್ತು. ಅದಕ್ಕೆ ಕನ್ನಡಕದ ನಂಬರ್ ಬದಲಿಸಿ ಪ್ರಯೋಜನವಿಲ್ಲ, ಅಕ್ಷರವನ್ನೇ ದೊಡ್ಡದು ಮಾಡಬೇಕು.

"ಇ-ರೀಡರ್ ತಗೊಳ್ಳಿ ಮೇಷ್ಟ್ರೇ" ಅಂದೆ. ಪುಸ್ತಕ ಓದಲೆಂದೇ ಮಾಡಿದ, ಅಕ್ಷರ ಹಿಗ್ಗಿಸಬಹುದಾದ ಪರದೆಯ ಸಾಧನ ಅದು.

"ಸಾವಿರ ಪುಸ್ತಕ ಹಿಡಿಯುತ್ತಂತಲ್ಲ, ಅದಾ? ನನಗೆ ಒಂದು ಓದಕ್ಕಾದ್ರೆ ಸಾಕಾಗಿದೆ ಡಾಕ್ಟ್ರೇ."

ಜಾಹೀರಾತು ಹೇಳುವುದು ಆ ಸಾವಿರದ ಕಥೆಯನ್ನೇ ಅಲ್ವಾ? ಆದರೆ ನನ್ನಲ್ಲಿಗೆ ಬರುವವರ ಪೈಕಿ, ಕೊಂಡದ್ದನ್ನು ಮೂಲೆಗೆ ಹಾಕದೆ ದಿನಾ ಓದುವವರು ಜಾಸ್ತಿ ನಲವತ್ತು ದಾಟಿದವರೇ. ಕಾರಣ ಚಾಳೀಸು. ವಯಸ್ಸಾದಂತೆ ಕಣ್ಣೊಳಗಿನ ಮಸೂರ ಗಟ್ಟಿಯಾಗುತ್ತದೆ. ಹತ್ತಿರದ್ದನ್ನು ನೋಡಲು ಬೇಕಾದಷ್ಟು ಅದು ಉಬ್ಬುವುದಿಲ್ಲ. ಮಸೂರ ಹಳದಿಗಟ್ಟುತ್ತದೆ, ಪಾಪೆಯೂ ಕಿರಿದಾಗುತ್ತದೆ. 20ರ ಹುಡುಗನ ಅಕ್ಷಿಪಟಲಕ್ಕೆ ತಲುಪುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ 60ರವರಿಗೆ ಸಿಗುತ್ತದೆ. ಮನೆಯಲ್ಲಿ ಅಜ್ಜ ಕಿಟಕಿ ಪಕ್ಕದ ಕುರ್ಚಿ ಬಿಟ್ಟುಕೊಡದಿರುವುದು ಸುಮ್ನೆ ಅಲ್ಲ.

ಕನ್ನಡ ಓದುವವರಿಗೆ ಇನ್ನೂ ಒಂದು ಪೇಚು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಪುಟ್ಟದಾಗಿ ಕೂತಿರುತ್ತವೆ. ಕಣ್ಣು ಮಂಜಾದರೆ ಮೊದಲು ಮಾಯವಾಗುವುದು ಅವೇ. 'ಪ' ಯಾವುದು, ಹೊಟ್ಟೆ ಸೀಳಿದ 'ಷ' ಯಾವುದು ಅಂತ ಊಹಿಸಿಕೊಂಡು ಓದಬೇಕಾಗುತ್ತದೆ. ಹಾಗೆ ಅರ್ಧ ಪುಟ ಓದುವಷ್ಟರಲ್ಲಿ ತಲೆ ಭಾರ.

ಫೋನ್‌ನಲ್ಲೂ ಅಕ್ಷರ ದೊಡ್ಡದಾಗುತ್ತದಲ್ಲ ಎನ್ನಬಹುದು. ಆಗುತ್ತದೆ, ಆದರೆ ಸಾಲಿಗೆ ಮೂರು ಪದ ಹಿಡಿದರೆ ಹೆಚ್ಚು. ಪರದೆಯ ಸ್ವಭಾವವೂ ಬೇರೆ. ಇ-ರೀಡರ್‌ನಲ್ಲಿರುವುದು ಇ-ಇಂಕ್ ಪರದೆ. ಅದರೊಳಗೆ ಕೂದಲೆಳೆ ದಪ್ಪದ ಗುಳ್ಳೆಗಳು, ಅವುಗಳೊಳಗೆ ಕಪ್ಪು ಮತ್ತು ಬಿಳಿ ಕಣಗಳು. ವಿದ್ಯುತ್ ಹರಿದಾಗ ಒಂದು ಬಣ್ಣ ಮೇಲೇಳುತ್ತದೆ, ಇನ್ನೊಂದು ತಳ ಸೇರುತ್ತದೆ. ಆಮೇಲೆ ಪುಟ ತಿರುಗಿಸುವವರೆಗೆ ಅಕ್ಷರ ಉಳಿಯಲು ಕರೆಂಟೇ ಬೇಡ. ಕಾಗದದ ಹಾಗೆ ಹೊರಗಿನ ಬೆಳಕಿನಲ್ಲಿ ಕಾಣುವುದರಿಂದ ಜಗಲಿಯ ಬಿಸಿಲಲ್ಲೂ ಓದಬಹುದು. ಈಗಿನವುಗಳಿಗೆ ಅಂಚಿನಿಂದ ಬೀಳುವ ಪುಟ್ಟ ದೀಪವೂ ಇರುತ್ತದೆ. 6 ಇಂಚಿನದು ಹೆಚ್ಚುಕಡಿಮೆ 200 ಗ್ರಾಂ ತೂಗುತ್ತದೆ. ಬೆರಳ ಗಂಟು ನೋಯುವವರಿಗೆ ದಪ್ಪ ಕಾದಂಬರಿ ಎತ್ತಿ ಹಿಡಿಯುವುದೇ ಶಿಕ್ಷೆ.

ನೀಲಿ ಬೆಳಕಿಗೆ ಹೆದರಿ ಕೊಳ್ಳುವವರೂ ಇದ್ದಾರೆ. ಫೋನ್ ಬೆಳಕಿನಿಂದ ಕಣ್ಣು ಹಾಳಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಉರಿ ಬರುವುದು ಹೆಚ್ಚಾಗಿ ನಾವು ರೆಪ್ಪೆ ಬಡಿಯುವುದನ್ನು ಮರೆಯುವುದರಿಂದ. ಇ-ರೀಡರ್ ಹಿಡಿದವರೂ ಮರೆಯುತ್ತಾರೆ.

ಮೇಷ್ಟ್ರು ಕೊನೆಗೆ ಕೊಂಡರು. ತಿಂಗಳ ಮೇಲೆ ಬಂದದ್ದು ಮಾತ್ರ ಸಿಡಿಮಿಡಿಗೊಂಡೇ. ಮೊಮ್ಮಗಳು ಹಳೆಯ ಕನ್ನಡ ಕಾದಂಬರಿಯೊಂದರ ಸ್ಕ್ಯಾನ್ ಮಾಡಿದ ಪಿಡಿಎಫ್ ಹಾಕಿಕೊಟ್ಟಿದ್ದಳು. ಅದು ಪುಟದ ಫೋಟೋ ಅಷ್ಟೇ. ಅಕ್ಷರ ಹಿಗ್ಗಿಸಿದರೆ ಸಾಲು ಪರದೆಯ ಆಚೆ ಓಡುತ್ತದೆ, ಮಡಚಿಕೊಂಡು ಕೆಳಗೆ ಬರುವುದಿಲ್ಲ. ಪರದೆಗೆ ತಕ್ಕಂತೆ ಸಾಲು ಹೊಂದಿಸಿಕೊಳ್ಳುವ ಇಪಬ್ ರೂಪದ ಪುಸ್ತಕವಾದರೆ ಬರುತ್ತದೆ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್‌ನ ಇ-ರೀಡರ್ ಆದ ಕಿಂಡಲ್‌ಗೆ ಐದು ಭಾರತೀಯ ಭಾಷೆಗಳ ಪುಸ್ತಕ ಬಂದಾಗ ಅದರಲ್ಲಿ ಕನ್ನಡ ಇರಲಿಲ್ಲ. ಆಮೇಲೆ ಕನ್ನಡ ಇ-ಪುಸ್ತಕಗಳು ಬಂದರೂ ಹಲವು ಆ್ಯಪ್‌ನೊಳಗೆ, ಅಂದರೆ ಮತ್ತೆ ಫೋನ್‌ನಲ್ಲೇ. ಹಾಗಾಗಿ ಹಳೆಯ ಕನ್ನಡ ಪುಸ್ತಕಗಳನ್ನೇ ಓದುವವರಿಗೆ ನಾನು 10 ಇಂಚಿನ ಪರದೆಯನ್ನೇ ಹೇಳುತ್ತೇನೆ, ದುಬಾರಿಯಾದರೂ.

ಮೇಷ್ಟ್ರದ್ದು 6 ಇಂಚು. ಅಂಚಿನ ಖಾಲಿ ಜಾಗ ಕತ್ತರಿಸಿ, ಅಡ್ಡಕ್ಕೆ ತಿರುಗಿಸಿ ಕೊಟ್ಟೆ. ಅರ್ಧ ಪುಟ ಪರದೆ ತುಂಬ ಬಂತು. ಕನ್ನಡಕ ಏರಿಸಿ ಒಂದು ಸಾಲು ಗಟ್ಟಿಯಾಗಿ ಓದಿದರು, ಒತ್ತಕ್ಷರ ಬಿಡದೆ.