ಆ ಸಣ್ಣ ತೂತಿಗೆ ಪಿನ್ ಹಾಕಬೇಡಿ

ಟಿವಿಗೆ ವೈಫೈ ಸಿಗುತ್ತಿಲ್ಲ ಅಂತ ನನಗೆ ಫೋನ್ ಬರುವ ಹೊತ್ತಿಗೆ ಮನೆಯವರು ಒಂದು ಕೆಲಸ ಮಾಡಿ ಮುಗಿಸಿರುತ್ತಾರೆ. ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ ತೂರಿಸಿ, ಹತ್ತು ಸೆಕೆಂಡ್ ಒತ್ತಿ ಹಿಡಿದಿರುತ್ತಾರೆ. ದೀಪಗಳೆಲ್ಲ ಆರಿ ಮತ್ತೆ ಹತ್ತಿದ್ದು ನೋಡಿ, ಸರಿಹೋಯಿತು ಅಂತ ಸಮಾಧಾನವನ್ನೂ ಪಟ್ಟಿರುತ್ತಾರೆ. ಅಲ್ಲಿಯವರೆಗೆ ಕೆಟ್ಟಿದ್ದು ಟಿವಿ ಒಂದೇ. ಆಮೇಲೆ ಮೊಬೈಲ್, ಲ್ಯಾಪ್‌ಟಾಪ್, ಗೇಟಿನ ಕ್ಯಾಮೆರಾ ಎಲ್ಲವೂ ಬಂದ್.

ಶಿವಮೊಗ್ಗದಲ್ಲಿ ಮನೆ, ಅಂಗಡಿಗಳ ನೆಟ್‌ವರ್ಕ್ ಕೆಲಸ ಮಾಡುವವನು ನಾನು. ವಿನೋಬನಗರದಲ್ಲಿ ಒಬ್ಬರು ನಿವೃತ್ತ ಮೇಷ್ಟ್ರಿದ್ದಾರೆ. ಮಗ ಅಮೆರಿಕದಲ್ಲಿ. ಒಂದು ಸಂಜೆ ಅವರ ಟಿವಿಯಲ್ಲಿ ಯೂಟ್ಯೂಬ್ ತೆರೆಯಲಿಲ್ಲ. ಮಗನಿಗೆ ವಿಡಿಯೋ ಕಾಲ್ ಮಾಡಿದರು. "ಅಪ್ಪಾ, ಬಾಕ್ಸ್ ಹಿಂದೆ ಒಂದು ಸಣ್ಣ ತೂತು ಕಾಣ್ತಾ? ಪಿನ್ ಹಾಕಿ ಒತ್ತಿ ಹಿಡ್ಕೋ" ಅಂದ ಮಗ. ಅಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ಸೇಫ್ಟಿ ಪಿನ್ ಬಿಚ್ಚಿ ಕೊಟ್ಟರು. ಮೇಷ್ಟ್ರು ಒತ್ತಿದರು. ವಿಡಿಯೋ ಕಾಲ್ ಬರುತ್ತಿದ್ದದ್ದೂ ಅದೇ ವೈಫೈಯಲ್ಲಿ ಅಲ್ವಾ? ಮಗ ಬಾಯಿ ತೆರೆದುಕೊಂಡಿದ್ದ ಹಾಗೇ ನಿಂತ, ಆಮೇಲೆ ಮಾಯವಾದ. ಮನೆಯ ಲ್ಯಾಂಡ್‌ಲೈನ್ ಕೂಡ ಅದೇ ಬಾಕ್ಸಿನಿಂದ, ಅದೂ ಸತ್ತಿತು. ನನಗೆ ಫೋನ್ ಬಂತು: "ಟಿವಿ ಬರ್ತಾ ಇರ್ಲಿಲ್ಲ ಮಾರಾಯ್ರೇ, ಈಗ ಮಗನೂ ಬರ್ತಾ ಇಲ್ಲ."

ಅವರ ಟಿವಿಗೆ ಏನಾಗಿತ್ತು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಮೊದಲು ಆ ತೂತಿನ ವಿಷಯ.

ರೂಟರ್ ಒಳಗೆ ನಿಮಗೆ ಗೊತ್ತಿರುವ ವಿವರ ಎರಡೇ, ವೈಫೈ ಹೆಸರು ಮತ್ತು ಅದರ ಪಾಸ್‌ವರ್ಡ್. ನಿಮಗೆ ಗೊತ್ತಿಲ್ಲದ್ದು ಇನ್ನೂ ಇದೆ. ಕಂಪನಿಯವರು ನಿಮ್ಮ ಕನೆಕ್ಷನ್‌ಗೆ ಅಂತ ಕೊಟ್ಟ ಯೂಸರ್ ಐಡಿ, ಅದರದ್ದೇ ಬೇರೆ ಪಾಸ್‌ವರ್ಡ್, ವಿಲ್ಯಾನ್ ಅನ್ನುವ ಒಂದು ನಂಬರ್, ಲ್ಯಾಂಡ್‌ಲೈನ್ ಇದ್ದರೆ ಅದರ ಸೆಟ್ಟಿಂಗ್. ಕನೆಕ್ಷನ್ ಕೊಟ್ಟ ದಿನ ಲೈನಿನ ಹುಡುಗ ಬಂದು, ಸೋಫಾದ ತುದಿಯಲ್ಲಿ ಕೂತು, ಮೊಬೈಲ್‌ನಲ್ಲಿ ಏನೋ ಕುಟ್ಟುತ್ತಿದ್ದ ನೆನಪಿದೆಯಾ? ನೀವು ಕಾಫಿ ಕೊಟ್ಟಿರಿ, ಅವನು ಕುಟ್ಟಿದ್ದೇನು ಅಂತ ಕೇಳಲಿಲ್ಲ. ಅವನು ತುಂಬಿಸುತ್ತಿದ್ದದ್ದು ಇದನ್ನೇ. ಪಿನ್ ಒತ್ತಿದ ಹತ್ತು ಸೆಕೆಂಡ್‌ನಲ್ಲಿ ಅಷ್ಟೂ ಅಳಿಸಿಹೋಗುತ್ತದೆ. ಬಾಕ್ಸ್ ಅಂಗಡಿಯಿಂದ ಬಂದ ದಿನ ಹೇಗಿತ್ತೋ ಹಾಗಾಗುತ್ತದೆ. ವೈಫೈ ಹೆಸರು ತಳದ ಸ್ಟಿಕರ್‌ನಲ್ಲಿರುವ ಅಕ್ಷರ, ಅಂಕಿಗಳ ಕಲಸುಮೇಲೋಗರಕ್ಕೆ ತಿರುಗುತ್ತದೆ. ಆ ಹೆಸರಿಗೆ ಮೊಬೈಲ್ ಕನೆಕ್ಟ್ ಮಾಡಿದರೂ ನೆಟ್ ಬರುವುದಿಲ್ಲ, ಯಾಕೆಂದರೆ ಈ ಬಾಕ್ಸ್ ಯಾರ ಮನೆಯದು ಅನ್ನುವುದೇ ಕಂಪನಿಯ ಸರ್ವರ್‌ಗೆ ಗೊತ್ತಾಗುವುದಿಲ್ಲ.

ಸ್ವಿಚ್ ಆಫ್ ಮಾಡಿ ಆನ್ ಮಾಡುವುದು ಬೇರೆ. ಗೋಡೆಯ ಸ್ವಿಚ್ ಆರಿಸಿ, ಒಂದೆರಡು ನಿಮಿಷ ಬಿಟ್ಟು ಹಾಕಿದರೆ ಮೇಲೆ ಹೇಳಿದ್ದರಲ್ಲಿ ಯಾವುದೂ ಅಳಿಸುವುದಿಲ್ಲ. ದಿನಕ್ಕೆ ನಾಲ್ಕು ಸಲ ಮಾಡಿದರೂ ಅಳಿಸುವುದಿಲ್ಲ. "ನಾನು ಬರೀ ರೀಸ್ಟಾರ್ಟ್ ಮಾಡಿದೆ ಸಾರ್" ಅಂತಾರೆ. ಪಿನ್ ಹಾಕಿದ್ರಾ ಅಂದರೆ, "ಹೂಂ, ಪಿನ್ ಹಾಕಿ ರೀಸ್ಟಾರ್ಟ್ ಮಾಡಿದೆ." ಸ್ವಾಮಿ, ಪಿನ್ ಹಾಕಿದರೆ ಅದು ರೀಸ್ಟಾರ್ಟ್ ಅಲ್ಲ. ಬೆರಳಿಗೆ ಸಿಗುವ ಸ್ವಿಚ್ಚನ್ನು ನೀವು ಒತ್ತಬಹುದು. ಬೆರಳು ಹೋಗದ ಹಾಗೆ ಆ ಗುಂಡಿಯನ್ನು ಒಳಗಿಟ್ಟಿರುವುದೇ ನೀವು ಒತ್ತಬಾರದು ಅಂತ.

ಒಂದು ಮಾತು ಸೇರಿಸಬೇಕು. ಕೆಲವು ಕಂಪನಿಗಳ ಬಾಕ್ಸ್ ರೀಸೆಟ್ ಆದ ಮೇಲೆ ತನ್ನ ಸೆಟ್ಟಿಂಗನ್ನು ಕಂಪನಿಯ ಸರ್ವರ್‌ನಿಂದ ತಾನೇ ಎಳೆದುಕೊಳ್ಳುತ್ತದೆ. ಪಕ್ಕದ ಮನೆಯವರಿಗೆ ಪಿನ್ ಹಾಕಿ ಸರಿಹೋಗಿದ್ದು ಹಾಗೆ. ನಿಮ್ಮದು ಅಂಥದ್ದೇ ಅಂತ ಹೊರಗಿನಿಂದ ನೋಡಿ ಹೇಳಲು ನನಗೂ ಆಗುವುದಿಲ್ಲ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳುವ ಮೊದಲು ಕಂಪನಿಗೆ ಒಂದು ಫೋನ್ ಮಾಡಿ.

ಇನ್ನು, ತಪ್ಪು ರೂಟರ್‌ನದೋ ಟಿವಿಯದೋ ಅಂತ ಗೊತ್ತು ಮಾಡಿಕೊಳ್ಳುವುದು. "ಮೊಬೈಲ್‌ನಲ್ಲಿ ನೆಟ್ ಚೆನ್ನಾಗಿ ಬರ್ತಿದೆ, ಟಿವಿನೇ ಹಾಳಾಗಿದೆ" ಅಂತ ಎಲ್ಲರೂ ಹೇಳುತ್ತಾರೆ. ಮೊಬೈಲ್ ಸಾಕ್ಷಿಯನ್ನು ಸುಮ್ನೆ ನಂಬಬೇಡಿ. ವೈಫೈಯಲ್ಲಿ ನೆಟ್ ಇಲ್ಲ ಅಂತ ಗೊತ್ತಾದ ಕೂಡಲೇ ಈಗಿನ ಹೆಚ್ಚಿನ ಫೋನ್‌ಗಳು ಹೇಳದೆ ಕೇಳದೆ ಸಿಮ್‌ನ ಡೇಟಾಗೆ ಹಾರುತ್ತವೆ. ನೀವು ಟಿವಿಯ ಮುಂದೆ ನಿಂತು ರೀಲ್ಸ್ ನೋಡುತ್ತಾ ಟಿವಿಯನ್ನು ಬೈಯುತ್ತಿರುತ್ತೀರಿ. ಮೊಬೈಲ್ ಡೇಟಾ ಆಫ್ ಮಾಡಿ, ವೈಫೈ ಮಾತ್ರ ಇಟ್ಟು ಯಾವುದಾದರೂ ಹೊಸ ವಿಡಿಯೋ ತೆರೆದು ನೋಡಿ. ಬರಲಿಲ್ಲ ಅಂದರೆ ಟಿವಿಯದೇನೂ ತಪ್ಪಿಲ್ಲ. ಫೈಬರ್ ಬಾಕ್ಸ್‌ನಲ್ಲಿ ಲಾಸ್ (LOS) ಅಂತ ಬರೆದ ದೀಪ ಕೆಂಪಗೆ ಹತ್ತಿದ್ದರೆ ಅಥವಾ ಮಿಣಮಿಣ ಅನ್ನುತ್ತಿದ್ದರೆ ಬೆಳಕೇ ಒಳಗೆ ಬರುತ್ತಿಲ್ಲ. ಎಲ್ಲೋ ಮರದ ಕೊಂಬೆ ಬಿದ್ದಿರಬಹುದು, ಮನೆಯೊಳಗೇ ಹಳದಿ ವಯರ್ ಮಡಚಿಕೊಂಡಿರಬಹುದು. ಷೋಕೇಸ್ ಸರಿಸಿದ ಮೇಲೆ ನೆಟ್ ಹೋಗಿದ್ದರೆ ಆ ಹಳದಿ ವಯರನ್ನೇ ಮೊದಲು ನೋಡಿ. ಅದರೊಳಗೆ ಇರುವುದು ಕೂದಲೆಳೆಯಂಥ ಗಾಜು. ಬಿಗಿಯಾಗಿ ಸುತ್ತಿ ದಾರ ಕಟ್ಟಿಟ್ಟರೆ ಆಗುವುದಿಲ್ಲ.

ಮೊಬೈಲ್‌ಗೆ ವೈಫೈಯಲ್ಲಿ ನೆಟ್ ಬಂದು, ಟಿವಿಗೆ ಮಾತ್ರ ಬರಲಿಲ್ಲ ಅನ್ನಿ. ಆಗ ಮೊಬೈಲ್ ಡೇಟಾ ಹಾಕಿ, ಹಾಟ್‌ಸ್ಪಾಟ್ ಆನ್ ಮಾಡಿ, ಟಿವಿಯನ್ನು ಅದಕ್ಕೆ ಕನೆಕ್ಟ್ ಮಾಡಿ. ಹಾಟ್‌ಸ್ಪಾಟ್ 2.4 ಗಿಗಾಹರ್ಟ್ಸ್‌ನಲ್ಲಿ ಇರಲಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಐಫೋನ್ ಇದ್ದರೆ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ ಅನ್ನುವುದನ್ನು ಆನ್ ಮಾಡಿದರೆ ಆಯಿತು. ಟಿವಿ ಹಾಟ್‌ಸ್ಪಾಟ್‌ಗೆ ಕೂಡಿಕೊಂಡು ಯೂಟ್ಯೂಬ್ ಓಡಿದರೆ ಟಿವಿಯ ವೈಫೈ ಗಟ್ಟಿಯಾಗಿದೆ ಅಂತ ಅರ್ಥ. ಜಗಳ ಇರುವುದು ಟಿವಿಗೂ ನಿಮ್ಮ ರೂಟರ್‌ಗೂ ನಡುವೆ. ನನಗೆ ಫೋನ್ ಮಾಡುವ ಮೊದಲು ಇದೊಂದು ಮಾಡಿ ನೋಡಿದರೆ ನನ್ನ ಪೆಟ್ರೋಲ್, ನಿಮ್ಮ ದುಡ್ಡು ಎರಡೂ ಉಳಿಯುತ್ತವೆ.

ಆ ಜಗಳದಲ್ಲಿ ಜಾಸ್ತಿ ಕಾಣುವುದು 5 ಗಿಗಾಹರ್ಟ್ಸ್ ಗೊಂದಲ. ಈಗಿನ ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಅನ್ನುವ ಎರಡು ಬ್ಯಾಂಡ್‌ನಲ್ಲಿ ವೈಫೈ ಬಿಡುತ್ತವೆ. ಕಡಿಮೆ ಬೆಲೆಯ ಅನೇಕ ಟಿವಿಗಳಿಗೆ 2.4 ಮಾತ್ರ ಗೊತ್ತು. 5ರ ಹೆಸರು ಅವುಗಳ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಯಾರೋ ಸ್ಪೀಡ್ ಬರುತ್ತೆ ಅಂತ 2.4 ಅನ್ನು ಆಫ್ ಮಾಡಿಟ್ಟಿದ್ದರೆ ಮುಗಿಯಿತು. ಟಿವಿಗೆ 5 ಬಂದರೂ ಅದು ಗೋಡೆ ದಾಟುವುದರಲ್ಲಿ ಸೋಮಾರಿ. ನಮ್ಮ ಕಡೆಯ ಹಳೆ ಮನೆಗಳ ಜಂಬಿಟ್ಟಿಗೆ ಗೋಡೆ ಮೊಣಕೈ ಉದ್ದ ದಪ್ಪ ಇರುತ್ತದೆ. ರೂಟರ್ ಜಗಲಿಯಲ್ಲಿ, ಟಿವಿ ನಡುಮನೆಯಲ್ಲಿ ಇದ್ದರೆ 2.4 ಕೂಡ ಏದುಸಿರು ಬಿಡುತ್ತದೆ. ರೂಟರನ್ನು ಕಬ್ಬಿಣದ ಬೀರುವಿನ ಹಿಂದೆ, ಟಿವಿಯ ಬೆನ್ನಿಗೆ ಅಂಟಿಸಿ ಇಡಬೇಡಿ. ಚೆಂದ ಕಾಣಲ್ಲ ಅಂತ ಒಳಗೆ ಬಚ್ಚಿಡುತ್ತಾರೆ. ಗೊತ್ತು. ನನ್ನ ಹೆಂಡತಿಯೂ ಅದನ್ನೇ ಹೇಳುತ್ತಾಳೆ.

ಅಪರೂಪಕ್ಕೆ ಬೇರೆ ಕಾರಣಗಳೂ ಇರುತ್ತವೆ. 2.4ರ ಒಳಗೂ ನಂಬರ್ ಹಾಕಿದ ದಾರಿಗಳಿವೆ, ಅವಕ್ಕೂ ಚಾನೆಲ್ ಅಂತಾರೆ. ರೂಟರ್ 12 ಅಥವಾ 13ನೇ ಚಾನೆಲ್‌ಗೆ ಹೋಗಿ ಕೂತರೆ ಕೆಲವು ಟಿವಿಗಳಿಗೆ ಅದು ಕಾಣುವುದಿಲ್ಲ. 1, 6, 11ರಲ್ಲಿ ಒಂದಕ್ಕೆ ಇಳಿಸಬೇಕು. ಹೊಸ ರೂಟರ್‌ನಲ್ಲಿ ಸೆಕ್ಯೂರಿಟಿ ಡಬ್ಲ್ಯುಪಿಎ3 (ವೈಫೈ ಕಾಯುವ ಹೊಸ ಪದ್ಧತಿ) ಮಾತ್ರ ಅಂತ ಇದ್ದರೆ ಹಳೆ ಟಿವಿ ಬಾಗಿಲಲ್ಲೇ ನಿಲ್ಲುತ್ತದೆ. ಹಳೆಯ ಡಬ್ಲ್ಯುಪಿಎ2 ಕೂಡ ಆನ್ ಇಡಬೇಕು. ಇವನ್ನು ನೀವೇ ಮಾಡುವುದಾದರೆ ಮಾಡಿ. ಕೈ ನಡುಗಿದರೆ ಬಿಡಿ.

ಪಾಸ್‌ವರ್ಡ್ ತಪ್ಪು ಅಂತ ಟಿವಿ ಹೇಳಿದರೆ ಹೆಚ್ಚಿನ ಸಲ ಅದು ನಿಜವೇ ಹೇಳುತ್ತಿರುತ್ತದೆ. ರಿಮೋಟ್‌ನಲ್ಲಿ ಒಂದೊಂದೇ ಅಕ್ಷರಕ್ಕೆ ಹೋಗಿ ಒತ್ತುವಾಗ ದೊಡ್ಡ ಅಕ್ಷರ, ಸಣ್ಣ ಅಕ್ಷರ ತಪ್ಪುತ್ತದೆ. ಕಣ್ಣಿನ ಗುರುತು ಒತ್ತಿ ಪಾಸ್‌ವರ್ಡ್ ಕಾಣುವ ಹಾಗೆ ಮಾಡಿಕೊಳ್ಳಿ. ನಮ್ಮ ಮನೆಗಳಲ್ಲಿ ಪಾಸ್‌ವರ್ಡ್ ಅಂದರೆ ಮೊಮ್ಮಗಳ ಹೆಸರು ಮತ್ತು ಹುಟ್ಟಿದ ವರ್ಷ. ಆ ಹೆಸರಿಗೆ ಎಚ್ ಒಂದೋ ಎರಡೋ ಅಂತ ಅಜ್ಜ ಅಜ್ಜಿಗೆ ಒಮ್ಮತ ಇರುವುದಿಲ್ಲ. ನಾನು ಗೋಡೆ ನೋಡುತ್ತಾ ಕೂತಿರುತ್ತೇನೆ. ಅಷ್ಟರಲ್ಲಿ ಕೋಡುಬಳೆ ಬರುತ್ತದೆ, ಹಾಗಾಗಿ ಬೇಜಾರಿಲ್ಲ.

ಈಗ ಮೇಷ್ಟ್ರ ಟಿವಿಗೆ ಬರುತ್ತೇನೆ. ಲೈನಿನ ಹುಡುಗನ ಹತ್ತಿರ ಯೂಸರ್ ಐಡಿ ಇಸಿದುಕೊಂಡು ರೂಟರನ್ನು ಮೊದಲಿನ ಹಾಗೆ ಮಾಡಿದೆ. ಟಿವಿ ವೈಫೈಗೆ ಕನೆಕ್ಟ್ ಆಯಿತು. ಯೂಟ್ಯೂಬ್ ಮಾತ್ರ ಬರಲೊಲ್ಲದು. ಅಂದರೆ ಅಷ್ಟು ಹೊತ್ತು ಪಟ್ಟ ಪಾಡಿಗೂ ಮೂಲ ತೊಂದರೆಗೂ ಸಂಬಂಧವೇ ಇರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ನೋಡಿದೆ. ಟಿವಿ ಇನ್ನೂ 2018ರಲ್ಲೇ ಇತ್ತು. ಯಾರೋ ರಿಮೋಟ್ ಒತ್ತಿ ಆಟೋಮ್ಯಾಟಿಕ್ ಟೈಮ್ ಆಫ್ ಮಾಡಿದ್ದರು. ಕರೆಂಟ್ ಹೋಗಿ ಬಂದಾಗ ಟಿವಿಯ ಗಡಿಯಾರ ಹಿಂದಕ್ಕೆ ಓಡಿತ್ತು.

ದಿನಾಂಕಕ್ಕೂ ಯೂಟ್ಯೂಬ್‌ಗೂ ಏನು ಸಂಬಂಧ ಅಂತ ಮೇಷ್ಟ್ರು ಕೇಳಿದರು. ಮೇಷ್ಟ್ರಲ್ವಾ, ಕೇಳದೆ ಬಿಡುವುದಿಲ್ಲ. ಆಪ್ ತನ್ನ ಸರ್ವರ್ ಜೊತೆ ಮಾತು ಶುರು ಮಾಡುವ ಮೊದಲು ಆ ಸರ್ವರ್‌ನ ಸರ್ಟಿಫಿಕೇಟ್ ನೋಡುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ಚಾಲ್ತಿ ಅಂತ ಅದರಲ್ಲಿ ಇರುತ್ತದೆ. 2018ರಲ್ಲಿ ನಿಂತ ಟಿವಿಗೆ ಇಂದಿನ ಸರ್ಟಿಫಿಕೇಟ್ ಇನ್ನೂ ಹುಟ್ಟದೇ ಇರುವ ಕಾಗದ. ಹಾಗಾಗಿ ನಂಬುವುದಿಲ್ಲ. ವೈಫೈ ಗುರುತು ಪೂರ್ತಿ ಇರುತ್ತದೆ, ಒಳಗೆ ಏನೂ ತೆರೆಯುವುದಿಲ್ಲ. ಆಟೋಮ್ಯಾಟಿಕ್ ಟೈಮ್ ಆನ್ ಮಾಡಿ, ಸಮಯ ವಲಯ ಭಾರತದ್ದು ಅಂತ ಇಟ್ಟೆ. ಯೂಟ್ಯೂಬ್ ಬಂತು.

ಇದೇ ಜಾತಿಯ ಇನ್ನೊಂದು ತೊಂದರೆ ಹಳೆ ಟಿವಿಗಳದ್ದು. 2021ರ ಸೆಪ್ಟೆಂಬರ್ 30ಕ್ಕೆ ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಅನ್ನುವ ಒಂದು ಮೂಲ ಸರ್ಟಿಫಿಕೇಟಿನ ಅವಧಿ ಮುಗಿಯಿತು. ಸೈಟ್‌ಗಳಿಗೆ ಪುಕ್ಕಟೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸಂಸ್ಥೆಯ ಸರ್ಟಿಫಿಕೇಟ್ ಬಳಸುತ್ತಿದ್ದ ಅನೇಕ ಸೈಟ್‌ಗಳು ಹಳೆಯ ಉಪಕರಣಗಳಲ್ಲಿ ಅದರ ಮೇಲೇ ನಿಂತಿದ್ದವು. ಹೊಸ ಸಾಫ್ಟ್‌ವೇರ್ ಸಿಗದ ಕೆಲವು ಉಪಕರಣಗಳಲ್ಲಿ ಅವು ತೆರೆಯುವುದು ನಿಂತಿತು. ಅಂಥ ಟಿವಿಗೆ ದಿನಾಂಕ ಸರಿ ಮಾಡಿದರೂ ಉಪಯೋಗವಿಲ್ಲ. ಎಚ್‌ಡಿಎಂಐ ಪೋರ್ಟ್‌ಗೆ ಚುಚ್ಚಿ ಯೂಟ್ಯೂಬ್ ಓಡಿಸುವ ಸ್ಟಿಕ್ ತಂದು ಹಾಕಿ. ಪರದೆ ಚೆನ್ನಾಗಿದ್ದರೆ ಇಡೀ ಟಿವಿ ಬದಲಾಯಿಸಬೇಕಾಗಿಲ್ಲ. ಅಂಗಡಿಯವರು ಬೇರೆ ಥರ ಹೇಳಬಹುದು.

ಟಿವಿಯನ್ನು ಆಫ್ ಮಾಡಿ ಆನ್ ಮಾಡಿ ಅಂದರೆ ರಿಮೋಟ್ ಒತ್ತುವವರೇ ಎಲ್ಲ. ರಿಮೋಟ್ ಒತ್ತಿದರೆ ಪರದೆ ಕಪ್ಪಾಗುತ್ತದೆ, ಅಷ್ಟೇ. ಕೆಂಪು ದೀಪ ಉರಿಯುತ್ತಿರುವವರೆಗೆ ಒಳಗೆ ಟಿವಿ ಎಚ್ಚರವಾಗಿಯೇ ಇರುತ್ತದೆ, ಸಿಕ್ಕಿಹಾಕಿಕೊಂಡ ವೈಫೈಯೂ ಹಾಗೇ ಇರುತ್ತದೆ. ಗೋಡೆಯ ಸ್ವಿಚ್ ಆರಿಸಿ, ಎರಡು ನಿಮಿಷ ಸುಮ್ಮನಿರಿ. ಕ್ರಿಕೆಟ್ ಮ್ಯಾಚ್ ಶುರುವಾಗುವುದಕ್ಕೆ ಹತ್ತು ನಿಮಿಷ ಇರುವಾಗ ಫೋನ್ ಮಾಡುವವರಿಗೆ ನಾನು ಹೇಳುವುದು ಇದೊಂದನ್ನೇ. ಬಹಳಷ್ಟು ಜನ ಆಮೇಲೆ ವಾಪಸ್ ಫೋನ್ ಮಾಡುವುದಿಲ್ಲ. ಸರಿಹೋಯಿತು ಅಂತ ನಾನೇ ಅಂದುಕೊಳ್ಳುತ್ತೇನೆ.

ಇಷ್ಟೆಲ್ಲ ಆದ ಮೇಲೂ ಹಾಟ್‌ಸ್ಪಾಟ್ ಕೂಡ ಕಾಣದಿದ್ದರೆ, ಟಿವಿಯ ವೈಫೈ ಪಟ್ಟಿಯೇ ಖಾಲಿ ಇದ್ದರೆ, ಒಳಗಿನ ವೈಫೈ ಮಾಡ್ಯೂಲ್ ಹೋಗಿರುವ ಸಾಧ್ಯತೆ ಇದೆ. ಬಿಚ್ಚಿ ನೋಡದೆ ಖಚಿತ ಹೇಳಲಾರೆ. ವಾರಂಟಿ ಇದ್ದರೆ ಬಿಚ್ಚಲೂಬೇಡಿ, ಕಂಪನಿಗೆ ಬಿಡಿ. ಇಲ್ಲದಿದ್ದರೆ ರೂಟರ್‌ನಿಂದ ಟಿವಿಗೆ ಒಂದು ಲ್ಯಾನ್ ಕೇಬಲ್ ಎಳೆದರೆ ಕೆಲಸ ಮುಗಿಯಿತು. ಬಹುತೇಕ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್ ಮಾತ್ರ. ಅದು ಕಡಿಮೆಯಾಯಿತು ಅಂತ ಯಾರಾದರೂ ಹೆದರಿಸಿದರೆ ಹೆದರಬೇಡಿ. ನೆಟ್‌ಫ್ಲಿಕ್ಸ್ ತನ್ನ 4ಕೆ ಚಿತ್ರಕ್ಕೆ ಕೇಳುವುದೇ 15 ಎಂಬಿಪಿಎಸ್. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಗುಡುಗು ಶುರುವಾದರೆ ಟಿವಿ ಪ್ಲಗ್, ರೂಟರ್ ಅಡಾಪ್ಟರ್ ಜೊತೆ ಆ ಲ್ಯಾನ್ ಕೇಬಲ್ಲನ್ನೂ ಕಿತ್ತಿಡಿ. ಸಿಡಿಲಿನ ಕರೆಂಟ್ ಒಂದು ಕಡೆಯಿಂದ ಬಂದರೆ ತಾಮ್ರದ ತಂತಿ ಹಿಡಿದು ಎರಡನ್ನೂ ಸುಡುತ್ತದೆ. ಹಾಗೆ ಸುಟ್ಟ ಪೋರ್ಟ್‌ಗಳ ಟಿವಿ, ರೂಟರ್ ಮಳೆಗಾಲದ ಮೊದಲೇ ನನ್ನ ಅಂಗಡಿಯ ಮೂಲೆಯಲ್ಲಿ ರಾಶಿ ಬೀಳುತ್ತವೆ. ಅವಕ್ಕೆ ವಾರಂಟಿಯೂ ಸಾಮಾನ್ಯವಾಗಿ ಸಿಗುವುದಿಲ್ಲ.