ನೀರಿನ ಮೇಲಿನ ವಿಲ್ಲಾವೇ ಬೇಕಾ, ದಡದ್ದು ಸಾಕಾ?

ಪ್ರಶ್ನೆ: ಬೇಸಿಗೆ ರಜೆಗೆ ಮಾಲ್ಡೀವ್ಸ್‌ಗೆ ಹೋಗುವ ಆಲೋಚನೆ ಉಂಟು. ನಾನು, ಗಂಡ, ಐದು ವರ್ಷದ ಮಗ, ಜೊತೆಗೆ ಅತ್ತೆ. ನಾಲ್ಕು ರಾತ್ರಿ. ಫೋಟೊದಲ್ಲಿ ಕಾಣುವ ನೀರಿನ ಮೇಲಿನ ವಿಲ್ಲಾಕ್ಕೆ ಬಾಡಿಗೆ ತುಂಬಾ ಜಾಸ್ತಿ. ಅಷ್ಟು ಕೊಡುವುದರಲ್ಲಿ ಅರ್ಥ ಉಂಟಾ? ರಾತ್ರಿ ಕಡಲು ಜೋರಾದರೆ ಏನು ಗತಿ ಅಂತ ಅತ್ತೆಗೆ ಬೇರೆ ಹೆದರಿಕೆ.
— ಉಡುಪಿಯ ಓದುಗರೊಬ್ಬರು

ಉತ್ತರ: ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ಎರಡು ರಾತ್ರಿ ನೀರಿನ ಮೇಲೆ ಇದ್ದು ಬನ್ನಿ ಅನ್ನುತ್ತಿದ್ದೆ. ನಿಮ್ಮ ಲೆಕ್ಕಕ್ಕೆ ದಡದ ವಿಲ್ಲಾವೇ ಸರಿ. ಆಸೆ ಬಿಡಲಾಗದಿದ್ದರೆ ಕೊನೆಯ ಒಂದು ರಾತ್ರಿ ಮಾತ್ರ ನೀರಿನ ಮೇಲೆ ಹಾಕಿಸಿಕೊಳ್ಳಿ. ಆದರೆ ಕೋಣೆ ಬದಲಿಸುವ ದಿನ ಮಧ್ಯಾಹ್ನ ಹಾಳು. ಒಂದನ್ನು ಬಿಟ್ಟುಕೊಟ್ಟು ಇನ್ನೊಂದು ಕೈಗೆ ಸಿಗುವವರೆಗೆ ಮಗುವನ್ನು ಹಿಡಿದುಕೊಂಡು ಕಾಯಬೇಕು.

ಅತ್ತೆಯವರ ಹೆದರಿಕೆಗೆ ಮೊದಲು ಉತ್ತರ ಕೊಡಬೇಕು. ಉಳ್ಳಾಲ, ಪಡುಬಿದ್ರಿಯ ಕಡಲ್ಕೊರೆತ ನೋಡಿದವರಿಗೆ ಈ ಪ್ರಶ್ನೆ ಬರದಿದ್ದರೇ ಆಶ್ಚರ್ಯ. 2022ರ ಮೇ ತಿಂಗಳಲ್ಲಿ ಮಲ್ಪೆಯಲ್ಲಿ ಹಾಕಿದ ತೇಲುವ ಸೇತುವೆ ಕೆಲವೇ ದಿನದಲ್ಲಿ ಅಲೆಯ ಹೊಡೆತಕ್ಕೆ ಬಿಚ್ಚಿಕೊಂಡದ್ದನ್ನು ನಿಮ್ಮೂರಿನವರು ಮರೆತಿರಲಿಕ್ಕಿಲ್ಲ. ನಮ್ಮ ಕರಾವಳಿ ಬಯಲು. ಅರಬ್ಬಿ ಸಮುದ್ರದ ಅಲೆ ಸೀದಾ ಮರಳಿಗೇ ಬಂದು ಬೀಳುತ್ತದೆ, ಅಡ್ಡ ಏನೂ ಇಲ್ಲ. ಮಾಲ್ಡೀವ್ಸ್‌ನ ಕಡಲು ಹಾಗಲ್ಲ. ಅಲ್ಲಿನ ಸುಮಾರು 1,190 ದ್ವೀಪಗಳು 26 ಹವಳದ ಉಂಗುರಗಳಲ್ಲಿ ಹಂಚಿಹೋಗಿವೆ. ದ್ವೀಪದ ಸುತ್ತ ನೀರಿನೊಳಗೆ ಹವಳದ ದಿಬ್ಬ ಇರುತ್ತದೆ. ದೊಡ್ಡ ಅಲೆ ಅದಕ್ಕೆ ಬಡಿದು ಅಲ್ಲೇ ಒಡೆಯುತ್ತದೆ. ದೂರದಿಂದ ನೋಡಿದರೆ ಕಡಲಿಗೆ ಬಿಳಿ ಗೆರೆ ಎಳೆದ ಹಾಗೆ ಕಾಣುವುದು ಆ ನೊರೆಯೇ. ಗೆರೆಯ ಒಳಗಿನ ತಿಳಿ ನೀರಿಗೆ ಲಗೂನ್ ಅನ್ನುತ್ತಾರೆ. ವಿಲ್ಲಾಗಳ ಹತ್ತಿರ ಅದು ಎದೆಮಟ್ಟ, ಕೆಲವು ಕಡೆ ಅಷ್ಟೂ ಇಲ್ಲ. ವಿಲ್ಲಾ ತೇಲುವುದಲ್ಲ. ನೆಲಕ್ಕೆ ಇಳಿಸಿದ ಕಂಬಗಳ ಮೇಲೆ ನಿಂತಿರುತ್ತದೆ.

ಇದರ ಹುಟ್ಟು ಮಾಲ್ಡೀವ್ಸ್‌ನಲ್ಲಲ್ಲ. ಅಲ್ಲಿ ಮೊದಲ ರೆಸಾರ್ಟ್ ತೆರೆದದ್ದೇ 1972ರಲ್ಲಿ. ಅದಕ್ಕೂ ಮೊದಲು, 1967ರಲ್ಲಿ, ಫ್ರೆಂಚ್ ಪಾಲಿನೇಷ್ಯಾದ ರಾಯಾಟಿಯಾ ದ್ವೀಪದಲ್ಲಿ ಹೋಟೆಲ್ ನಡೆಸುತ್ತಿದ್ದ ಮೂವರು ಅಮೆರಿಕನ್ನರು ಇಂಥ ಕೋಣೆ ಕಟ್ಟಿದರು. ಅಲ್ಲಿ ಹೇಳಿಕೊಳ್ಳುವಂಥ ಮರಳಿನ ದಡ ಇರಲಿಲ್ಲ. ದಡ ಇಲ್ಲದ ಮೇಲೆ ನೀರಿನ ಮೇಲೆಯೇ ಕಟ್ಟೋಣ ಅಂತ ಕಟ್ಟಿದ್ದು. ಈಗ ನೋಡಿದರೆ, ಬೆಳ್ಳಗಿನ ಮರಳು ಬೇಕಾದಷ್ಟು ಇರುವ ದ್ವೀಪದಲ್ಲೂ ಅದೇ ಎಲ್ಲಕ್ಕಿಂತ ದುಬಾರಿ!

ಹಾಗಾದರೆ ಅಲ್ಲಿ ಸಿಗುವ ಸುಖ ಏನು? ದೀಪ ಆರಿಸಿ ಮಲಗಿದ ಮೇಲೆ ಮಂಚದ ಅಡಿಯಿಂದ ನೀರು ಕಂಬಕ್ಕೆ ತಾಗುವ ಸದ್ದು ಕೇಳುತ್ತದೆ. ಚಪ್, ಚಪ್, ಸ್ವಲ್ಪ ಹೊತ್ತು ಸುಮ್ನೆ, ಮತ್ತೆ ಚಪ್. ಕೆಲವರಿಗೆ ಇದು ಜೋಗುಳ. ಕೆಲವರಿಗೆ ಬೆಳಗಿನವರೆಗೂ ನಿದ್ದೆ ಇಲ್ಲ. ಗಾಳಿ ಎದ್ದ ರಾತ್ರಿ ಹಲಗೆಗಳೂ ಕಿರುಗುಟ್ಟುತ್ತವೆ. ಹೊರಗಿನ ಜಗಲಿಯ ಕೆಳಗೆ ದೀಪ ಇದ್ದರೆ ಅದರ ಬೆಳಕಿಗೆ ಸಣ್ಣ ಮೀನುಗಳು ಮುತ್ತುತ್ತವೆ. ಅವುಗಳ ಹಿಂದೆಯೇ ಮೊಳದುದ್ದದ ಮರಿ ಶಾರ್ಕ್ ಬರುತ್ತದೆ, ಬೆನ್ನಿನ ರೆಕ್ಕೆಯ ತುದಿ ಕಪ್ಪು. ನಮ್ಮವರು ತಾಟೆ ಅನ್ನುವ ಮೀನೇ. ಬೆದರಿ ಓಡುವುದು ಅದು, ನಾವಲ್ಲ. ಬೆಳಿಗ್ಗೆ ಚಹಾ ಹಿಡಿದು ಮೆಟ್ಟಿಲ ಮೇಲೆ ಕೂತರೆ ತೊರಕೆ ಮೀನೊಂದು ಮರಳಿಗೆ ಅಂಟಿಕೊಂಡು ಹೋಗುವುದು ಕಾಣಬಹುದು. ಈ ಒಂದು ಸುಖಕ್ಕೆ ನಾನು ದುಡ್ಡು ಕೊಡುತ್ತೇನೆ. ಗಾಜಿನ ನೆಲಕ್ಕೆ ಕೊಡುವುದಿಲ್ಲ. ಅದರಲ್ಲಿ ಹೆಚ್ಚು ಹೊತ್ತು ಕಾಣುವುದು ಬರೀ ಮರಳು.

ಈಗ ನಿಮ್ಮ ಮಗನ ವಿಷಯ. ಆ ಜಗಲಿಗೆ ಎಷ್ಟೋ ಕಡೆ ಕಟಾಂಜನ ಇರುವುದಿಲ್ಲ. ಫೋಟೊ ಚಂದ ಬರಲಿ ಅಂತ. ಮೆಟ್ಟಿಲು ಸೀದಾ ನೀರಿಗೆ ಇಳಿಯುತ್ತದೆ. ಬಾಗಿಲ ಚಿಲಕ ತೆಗೆಯಲು ಐದು ವರ್ಷದ ಮಗುವಿಗೆ ಎಷ್ಟು ಹೊತ್ತು ಬೇಕು ಹೇಳಿ? ಅದಕ್ಕೇ ಕೆಲವು ರೆಸಾರ್ಟ್‌ಗಳು ಸಣ್ಣ ಮಕ್ಕಳಿರುವವರಿಗೆ ನೀರಿನ ವಿಲ್ಲಾ ಕೊಡುವುದೇ ಇಲ್ಲ. ಕೆಲವರು ಹೊಣೆ ನಮ್ಮದಲ್ಲ ಅಂತ ಬರೆಸಿ ಸಹಿ ಹಾಕಿಸಿಕೊಳ್ಳುತ್ತಾರೆ. ಅಲ್ಲಿ ಇದ್ದಷ್ಟೂ ಹೊತ್ತು ಮಗನ ಹಿಂದೆ ಒಬ್ಬರು ಕಾವಲು ಇರಬೇಕು, ರಜೆಯ ಅರ್ಧ ಅದರಲ್ಲೇ ಹೋಗುತ್ತದೆ. ಅತ್ತೆಯವರಿಗೂ ತೊಂದರೆ ಉಂಟು. ವಿಲ್ಲಾಗಳು ಉದ್ದದ ಮರದ ದಾರಿಯ ಕೊನೆಯಲ್ಲಿರುತ್ತವೆ. ತಿಂಡಿಗೆ ಹೋಗಲು ಉರಿಬಿಸಿಲಲ್ಲಿ ನಡೆಯಬೇಕು, ಇಲ್ಲವೇ ಬಗ್ಗಿ ಗಾಡಿಗೆ ಫೋನ್ ಮಾಡಿ ಕಾಯಬೇಕು. ದಡದ ವಿಲ್ಲಾದಲ್ಲಿ ಮಗ ಮರಳಲ್ಲಿ ಆಡಬಹುದು, ಅತ್ತೆ ಮರದ ನೆರಳಲ್ಲಿ ಕೂರಬಹುದು, ನೀವಿಬ್ಬರೂ ನೆಮ್ಮದಿಯಿಂದ ನೀರಿಗೆ ಇಳಿಯಬಹುದು.

ನೀರಿನ ಮೇಲೇ ಒಂದು ರಾತ್ರಿ ಅಂತ ಹಟ ಇದ್ದರೆ, ನಮ್ಮ ಊರಿನವರಿಗೆ ಮಾತ್ರ ಲಾಭವಾಗುವ ಒಂದು ಮಾತು. ಪಡುವಣಕ್ಕೆ ಮುಖ ಮಾಡಿದ ‘ಸನ್‌ಸೆಟ್’ ವಿಲ್ಲಾಗಳಿಗೆ ಹೆಚ್ಚಿನ ಕಡೆ ಬಾಡಿಗೆ ಜಾಸ್ತಿ, ಮೂಡಣದ್ದಕ್ಕೆ ಕಡಿಮೆ. ಕಡಲಲ್ಲಿ ಸೂರ್ಯ ಮುಳುಗುವುದನ್ನು ನೋಡಲು ನಾವ್ಯಾಕೆ ಡಾಲರ್ ಕೊಡಬೇಕು ಮಾರಾಯ್ರೆ? ಮಲ್ಪೆ, ಕಾಪು, ಪಣಂಬೂರು, ಎಲ್ಲಿ ಹೋಗಿ ನಿಂತರೂ ಸಂಜೆ ಅದೇ ಕಾಣುವುದು. ನಮಗೆ ಕಾಣಸಿಗದ್ದು ಕಡಲಿನಿಂದ ಸೂರ್ಯ ಮೇಲೆ ಬರುವುದು. ಇಲ್ಲಿ ಅವನು ಘಟ್ಟದ ಕಡೆಯಿಂದ ಬರುತ್ತಾನೆ. ಮೂಡಣದ ವಿಲ್ಲಾ ತೆಗೆದುಕೊಳ್ಳಿ. ಮಧ್ಯಾಹ್ನದ ಮೇಲೆ ಜಗಲಿಗೆ ನೆರಳೂ ಬರುತ್ತದೆ. ಪಡುವಣದ ಜಗಲಿಯ ಹಲಗೆ ಆ ಹೊತ್ತಿಗೆ ಕಾಲಿಡಲಾಗದಷ್ಟು ಕಾದಿರುತ್ತದೆ.

ಬುಕ್ ಮಾಡುವ ಮೊದಲು ರೆಸಾರ್ಟ್‌ಗೆ ಮೇಲ್ ಬರೆದು ಕೇಳಿ: ಇಳಿತದ ಹೊತ್ತಿಗೆ ಮೆಟ್ಟಿಲ ಕೆಳಗೆ ನೀರು ಎಷ್ಟಿರುತ್ತದೆ, ತಳದಲ್ಲಿ ಮರಳಾ, ಹವಳದ ಕಲ್ಲಾ? ಕೆಲವು ಕಡೆ ಇಳಿತಕ್ಕೆ ಮೊಣಕಾಲಷ್ಟೇ ನೀರು, ಅಡಿಯಲ್ಲಿ ಕಾಲು ಕೊಯ್ಯುವ ಕಲ್ಲು. ಫೋಟೊ ತೆಗೆಯುವುದೆಲ್ಲ ಭರತದ ಹೊತ್ತಿಗೇ, ಗೊತ್ತಲ್ವಾ?

ದುಡ್ಡಿನ ಲೆಕ್ಕದಲ್ಲಿ ಬಾಡಿಗೆ ಒಂದನ್ನೇ ನೋಡಬೇಡಿ. ಅಲ್ಲಿನ ಪ್ರವಾಸೋದ್ಯಮ ಜಿಎಸ್‌ಟಿ 2025ರ ಜುಲೈನಿಂದ ಶೇ. 17. ಅದರ ಜೊತೆಗೆ ಸಾಮಾನ್ಯವಾಗಿ ಶೇ. 10 ಸೇವಾಶುಲ್ಕ. ರೆಸಾರ್ಟ್‌ಗಳಲ್ಲಿ ತಲೆಗೆ, ರಾತ್ರಿಗೆ 12 ಡಾಲರ್ ಹಸಿರು ತೆರಿಗೆ ಬೇರೆ. ನಿಮ್ಮ ನಾಲ್ಕು ಜನಕ್ಕೆ ನಾಲ್ಕು ರಾತ್ರಿಗೆ ಅದೇ 192 ಡಾಲರ್. ಹೆಚ್ಚಿನ ಕಡೆ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್. ಹೊರಗೆ ಹೋಗಿ ಊಟ ಮಾಡಿ ಬರೋಣ ಅಂದರೆ ಹೊರಗೆ ಅನ್ನುವುದೇ ಇಲ್ಲ. ಊಟ ಸೇರಿದ ಪ್ಯಾಕೇಜನ್ನೇ ತೆಗೆದುಕೊಳ್ಳಿ. ಅತ್ತೆ ಸಸ್ಯಾಹಾರಿಯಾದರೆ ಮೊದಲೇ ತಿಳಿಸಿ. ನೀವು ಮೀನು ತಿನ್ನುವವರಾದರೆ ಬೆಳಗಿನ ತಿಂಡಿಗೆ ಮಾಸ್ ಹುನಿ ಬಿಡಬೇಡಿ. ಟ್ಯೂನಾ, ತೆಂಗಿನ ತುರಿ, ಈರುಳ್ಳಿ, ಮೆಣಸು, ನಿಂಬೆಹುಳಿ ಕಲಸಿ, ರೊಟ್ಟಿಯ ಜೊತೆ ಕೊಡುತ್ತಾರೆ. ನಮ್ಮ ನಾಲಗೆಗೆ ಒಗ್ಗುತ್ತದೆ.

ಲೆಕ್ಕ ತಪ್ಪುವುದು ದೋಣಿ, ವಿಮಾನದ ಖರ್ಚಿನಲ್ಲಿ. ದೂರದ ದ್ವೀಪಗಳಿಗೆ ನೀರಿನ ಮೇಲೆ ಇಳಿಯುವ ಸೀಪ್ಲೇನ್‌ನಲ್ಲಿ ಹೋಗಬೇಕು. ತಲೆಗೆ ನೂರಾರು ಡಾಲರ್. ಅದು ಹಾರುವುದು ಹಗಲಲ್ಲಿ ಮಾತ್ರ. ಮಂಗಳೂರಿನಿಂದ ಬೆಂಗಳೂರಿಗೋ ಕೊಚ್ಚಿಗೋ ಹೋಗಿ ವಿಮಾನ ಬದಲಿಸಿ ಅಲ್ಲಿನ ರಾಜಧಾನಿ ಮಾಲೆ ಮುಟ್ಟುವಾಗ ಸಂಜೆಯಾಯಿತೋ, ಆ ರಾತ್ರಿ ಅಲ್ಲೇ ಹೋಟೆಲ್. ರೆಸಾರ್ಟ್‌ನ ನಾಲ್ಕು ರಾತ್ರಿಯಲ್ಲಿ ಒಂದು ಹೋಯಿತು. ಮಾಲೆಯಿಂದ ಅರ್ಧ, ಮುಕ್ಕಾಲು ಗಂಟೆ ಸ್ಪೀಡ್‌ಬೋಟ್‌ನಲ್ಲಿ ಸಿಗುವ ರೆಸಾರ್ಟ್ ನೋಡಿ. ನೀರಿನ ವಿಲ್ಲಾಕ್ಕೆ ಕೊಡಬೇಕೆಂದಿದ್ದ ದುಡ್ಡಿನಲ್ಲಿ ಒಂದು ಪಾಲು ಇಲ್ಲೇ ಉಳಿಯುತ್ತದೆ.

ಬೇಸಿಗೆ ರಜೆ ಅಂದಿರಲ್ಲ, ಏಪ್ರಿಲ್‌ನಲ್ಲೇ ಹೋಗಿ. ಸೆಕೆ ಇರುತ್ತದೆ, ಆದರೆ ಕಡಲು ಶಾಂತ. ಮೇ ತಿಂಗಳಿಂದ ನೈರುತ್ಯ ಮಾರುತ ಶುರು. ನಮ್ಮಲ್ಲಿ ಜೂನ್ 1ಕ್ಕೆ ಮೀನುಗಾರಿಕೆ ನಿಲ್ಲಿಸುವುದಕ್ಕೆ ಮೊದಲೇ ಅಲ್ಲಿ ಗಾಳಿ ಎದ್ದಿರುತ್ತದೆ. ಆಗ ಬಾಡಿಗೆ ಇಳಿಯುವುದು ಸುಮ್ನೆ ಅಲ್ಲ.

ಇಷ್ಟೆಲ್ಲ ಲಕ್ಷದ್ವೀಪದಲ್ಲೇ ಸಿಗುವುದಿಲ್ವಾ ಅಂತ ಕೇಳುವವರೂ ಇದ್ದಾರೆ. ಮಂಗಳೂರಿನ ಹಳೆ ಬಂದರಿನ ದಕ್ಕೆಯಿಂದ ಜಲ್ಲಿ, ತರಕಾರಿ ಹೊತ್ತ ಮಂಜಿಗಳು, ಅಂದರೆ ಸರಕಿನ ಹಡಗುಗಳು, ಹೋಗುವುದು ಅಲ್ಲಿಗೇ. ಅದೂ ಹವಳದ ದ್ವೀಪಗಳೇ, ಲಗೂನೂ ಉಂಟು. ಸುಹೇಲಿಯಲ್ಲಿ 50, ಕಡ್ಮತ್‌ನಲ್ಲಿ 35 ನೀರಿನ ವಿಲ್ಲಾ ಇರುವ ತಾಜ್ ರೆಸಾರ್ಟ್‌ಗಳ ಯೋಜನೆ 2023ರ ಜನವರಿಯಲ್ಲಿ ಪ್ರಕಟವಾಯಿತು. ತಮಾಷೆ ಅಂದರೆ, ನಮ್ಮದೇ ಲಕ್ಷದ್ವೀಪಕ್ಕೆ ಹೋಗಲು ಮೊದಲೇ ಪರವಾನಗಿ ಮಾಡಿಸಬೇಕು. ಮಾಲ್ಡೀವ್ಸ್‌ನಲ್ಲಿ ಪ್ರವಾಸಿ ವೀಸಾ ಇಳಿದ ಮೇಲೆ ಪುಕ್ಕಟೆ ಸಿಗುತ್ತದೆ. ಹೊರಡುವ ಮೊದಲಿನ 96 ಗಂಟೆಯೊಳಗೆ ಆನ್‌ಲೈನ್ ಅರ್ಜಿಯೊಂದನ್ನು ತುಂಬಿದರಾಯಿತು. ಅದಕ್ಕೂ ಶುಲ್ಕವಿಲ್ಲ, ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.