ಓದುಗರ ಪ್ರಶ್ನೆ: ಬೆಂಗಳೂರಿನಲ್ಲಿ ಬಂಧನವಾದವರ ಪಟ್ಟಿ ಎಲ್ಲಿ ಸಿಗುತ್ತದೆ?

ಪ್ರಶ್ನೆ: ನನ್ನ ತಮ್ಮ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ನಿನ್ನೆ ಸಂಜೆ ಪೊಲೀಸರು ಬಂದು ಕರೆದುಕೊಂಡು ಹೋದರು ಅಂತ ಅವನ ರೂಮಿನವರು ಫೋನ್ ಮಾಡಿದ್ದರು. ಯಾವ ಠಾಣೆ, ಏನು ಕೇಸು, ಒಂದೂ ಗೊತ್ತಿಲ್ಲ. ಅಮೆರಿಕದಲ್ಲಿರುವ ನಮ್ಮಕ್ಕ, ‘ಇಲ್ಲಿ ಹೆಸರು ಹಾಕಿದರೆ ಜೈಲಿನ ಪಟ್ಟಿ ಬರುತ್ತೆ, ಅಲ್ಲೂ ಇರುತ್ತೆ ನೋಡು’ ಅನ್ನುತ್ತಾಳೆ. ಇದೆಯಾ?

ಉತ್ತರ: ಇಲ್ಲ. ಅಮೆರಿಕದ ಅನೇಕ ಕೌಂಟಿಗಳಲ್ಲಿ ಶೆರಿಫ್ ಕಚೇರಿಯ ಜಾಲತಾಣದಲ್ಲಿ ಹೆಸರು ಹಾಕಿದರೆ ಬುಕಿಂಗ್ ನಂಬರು, ಆರೋಪ, ಜಾಮೀನಿನ ಮೊತ್ತ ಬರುವುದು ನಿಜ. ಅಂಥ ವ್ಯವಸ್ಥೆ ಬೆಂಗಳೂರಿನಲ್ಲಿಲ್ಲ. ಇಲ್ಲಿ ಮಾಹಿತಿ ಠಾಣೆ, ಕೋರ್ಟು, ಜೈಲು ಎಂದು ಮೂರು ಕಡೆ ಹಂಚಿಹೋಗಿದೆ. ಮೂರಕ್ಕೂ ಕೀಲಿ ಒಂದೇ: ಕ್ರೈಂ ನಂಬರ್, ಅಂದರೆ ಠಾಣೆಯವರು ಎಫ್‌ಐಆರ್‌ಗೆ ಕೊಡುವ ಸಂಖ್ಯೆ. ಅದು ಸಿಗುವವರೆಗೆ ಹೆಸರು ಹಿಡಿದು ಎಷ್ಟು ಹುಡುಕಿದರೂ ಹೊತ್ತು ಹಾಳು.

ಮೊದಲು ಠಾಣೆ. ತಮ್ಮ ವಾಸವಿದ್ದ ಏರಿಯಾದ ಠಾಣೆ ಒಂದು, ಕರೆದೊಯ್ದ ಜಾಗದ ಠಾಣೆ ಇನ್ನೊಂದು, ಎರಡರಲ್ಲೂ ವಿಚಾರಿಸಿ. ತಿಳಿಯದಿದ್ದರೆ 112ಕ್ಕೆ ಕರೆ ಮಾಡಿ. ಕರೆ ಮಾಡಿದ ಹೊತ್ತನ್ನು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಠಾಣೆಯಲ್ಲಿ ‘ನಮ್ಮ ಹುಡುಗ ಇಲ್ಲಿದ್ದಾನಾ ಸಾರ್’ ಎಂದಷ್ಟೇ ಕೇಳಿದರೆ ‘ವಿಚಾರಣೆಗೆ ಕರೆಸಿದೀವಿ’ ಎಂಬ ಉತ್ತರಕ್ಕೇ ಮಾತು ಮುಗಿದುಹೋಗಬಹುದು. ಹೀಗೆ ಕೇಳಿ: ದಸ್ತಗಿರಿ ಆಗಿದೆಯೋ, ನೋಟಿಸ್ ಕೊಟ್ಟು ಕರೆಸಿದ್ದೋ? ಕ್ರೈಂ ನಂಬರ್ ಎಷ್ಟು, ಕಲಂ ಯಾವುದು? ತನಿಖಾಧಿಕಾರಿ ಯಾರು? ಯಾವ ಕೋರ್ಟಿಗೆ, ಎಷ್ಟು ಹೊತ್ತಿಗೆ ಹಾಜರುಪಡಿಸುತ್ತೀರಿ?

ಇವನ್ನು ಕೇಳುವುದಕ್ಕೆ ಯಾರ ದಾಕ್ಷಿಣ್ಯವೂ ಬೇಕಿಲ್ಲ. 2024ರ ಜುಲೈ 1ರಿಂದ ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ ಕಲಂ 36ರ ಪ್ರಕಾರ ದಸ್ತಗಿರಿ ಮಾಡುವಾಗ ಮೆಮೊ ಬರೆಯಬೇಕು. ಅದಕ್ಕೆ ಮನೆಯವರಲ್ಲೊಬ್ಬರು ಅಥವಾ ಆ ಜಾಗದ ಗೌರವಸ್ಥರೊಬ್ಬರು ಸಾಕ್ಷಿ ಹಾಕಬೇಕು, ಬಂಧಿತರೂ ಸಹಿ ಮಾಡಬೇಕು. ಕಲಂ 48ರ ಪ್ರಕಾರ, ಬಂಧಿತರು ಹೇಳಿದ ಬಂಧುವಿಗೋ ಸ್ನೇಹಿತರಿಗೋ, ಎಲ್ಲಿಟ್ಟಿದ್ದಾರೆಂಬುದೂ ಸೇರಿ, ತಕ್ಷಣ ತಿಳಿಸುವುದು ಪೊಲೀಸರ ಕೆಲಸ. ಅಂದರೆ ಆ ರೂಮಿನವರೇ ಮೆಮೊಗೆ ಸಹಿ ಹಾಕಿರುವ ಸಾಧ್ಯತೆಯಿದೆ. ಠಾಣೆಗೆ ಹೊರಡುವ ಮುಂಚೆ ಅವರನ್ನೇ ಇನ್ನೊಮ್ಮೆ ಕೇಳಿ. ಗಾಬರಿಯಲ್ಲಿ ಏನಕ್ಕೆ ಸಹಿ ಮಾಡಿದೆವೆಂಬುದೇ ಅನೇಕರಿಗೆ ನೆನಪಿರುವುದಿಲ್ಲ.

ಬಂಧಿತರ ಹೆಸರು, ವಿಳಾಸ, ಆರೋಪದ ಸ್ವರೂಪವನ್ನು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಡಿಜಿಟಲ್ ರೂಪವೂ ಸೇರಿದಂತೆ ಎದ್ದುಕಾಣುವಂತೆ ಪ್ರದರ್ಶಿಸಬೇಕೆಂದು ಕಲಂ 37 ಹೇಳುತ್ತದೆ. ಕಾನೂನಿನ ಮಟ್ಟಿಗೆ ನಿಮ್ಮಕ್ಕ ಹೇಳಿದ ಪಟ್ಟಿಗೆ ಹತ್ತಿರದ್ದು ಇದೇ. ಬೋರ್ಡು ಕಂಡರೆ ಓದಿ, ಅದರಲ್ಲಿ ಹೆಸರಿಲ್ಲವೆಂದು ಮಾತ್ರ ವಾಪಸ್ ಬರಬೇಡಿ.

ಕ್ರೈಂ ನಂಬರ್ ಕೈಗೆ ಬಂದಮೇಲೆ ಎಫ್‌ಐಆರ್. ಕರ್ನಾಟಕ ಪೊಲೀಸ್ ಜಾಲತಾಣದ ಎಫ್‌ಐಆರ್ ಹುಡುಕಾಟದಲ್ಲಿ ಜಿಲ್ಲೆ, ಠಾಣೆ, ವರ್ಷ, ಸಂಖ್ಯೆ ಹಾಕಬೇಕು. ಜಿಲ್ಲೆ ಕೇಳಿದಲ್ಲಿ ಬೆಂಗಳೂರು ನಗರ ಬೇರೆ, ನಗರದ ಹೊರಗಿನ ಬೆಂಗಳೂರು ಜಿಲ್ಲೆ ಬೇರೆ. ಅಂಚಿನ ಬಡಾವಣೆಗಳ ಕೇಸು ಹುಡುಕುವವರು ಮೊದಲು ಎಡವುವುದೇ ಇಲ್ಲಿ. ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕೆಂದು ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರಿನಲ್ಲಿ ಆದೇಶಿಸಿದೆ. ಸಂಪರ್ಕದ ತೊಂದರೆಯಿದ್ದರೆ ಹೆಚ್ಚೆಂದರೆ 72 ಗಂಟೆ. ಲೈಂಗಿಕ ಅಪರಾಧ, ಪೋಕ್ಸೊ, ಭಯೋತ್ಪಾದನೆಯಂಥ ಸೂಕ್ಷ್ಮ ಕೇಸುಗಳಿಗೆ ವಿನಾಯಿತಿ ಇದೆ. ಆಗಲೂ ಆರೋಪಿಯ ಕಡೆಯವರು ಅರ್ಜಿ ಕೊಟ್ಟು ನಕಲು ಕೇಳಬಹುದು.

ಎಫ್‌ಐಆರ್ ತೆರೆದಾಗ ‘ಗೊತ್ತಿರುವ/ಅನುಮಾನಿತ/ಅಪರಿಚಿತ ಆಸಾಮಿ’ ಎಂಬ ಕಾಲಂ ನೋಡಿ. ಅಲ್ಲಿ ನಿಮ್ಮ ತಮ್ಮನ ಹೆಸರಿಲ್ಲದೆ ಬರೀ ‘ಅಪರಿಚಿತ’ ಎಂದಿದ್ದರೆ ನಿರಾಳವಾಗಬೇಡಿ. ಕಳ್ಳತನ, ಸೈಬರ್ ವಂಚನೆಯ ಎಷ್ಟೋ ಕೇಸುಗಳಲ್ಲಿ ಮೊದಲ ದಿನ ಹೆಸರೇ ಇರುವುದಿಲ್ಲ. ದಸ್ತಗಿರಿಯಾದವರ ಹೆಸರು ಕಾಣುವುದು ಆಮೇಲೆ, ಬಂಧನದಲ್ಲಿಡಲು ಅನುಮತಿ ಕೇಳಿ ಪೊಲೀಸರು ಕೋರ್ಟಿಗೆ ಕೊಡುವ ರಿಮ್ಯಾಂಡ್ ಅರ್ಜಿಯಲ್ಲಿ. ಎಫ್‌ಐಆರ್‌ನಲ್ಲಿ ಹೆಸರಿದ್ದರೂ ‘ಮಂಜುನಾಥ @ ಮಂಜ ಬಿನ್ ಲೇಟ್ ಫಲಾನಿ’ ಎಂಬ ಧಾಟಿಯಲ್ಲಿರುತ್ತದೆ. ಇಲ್ಲಿ @ ಎಂದರೆ ಉರುಫ್, ಮಿಂಚಂಚೆಗೂ ಅದಕ್ಕೂ ಸಂಬಂಧವಿಲ್ಲ!

ಠಾಣೆಯವರು ‘ನಮ್ಮಲ್ಲಿಲ್ಲ’ ಎಂದದ್ದು ಸುಳ್ಳೇ ಆಗಿರಬೇಕೆಂದಿಲ್ಲ. ಹಿಡಿದದ್ದು ನಗರ ಪೊಲೀಸರ ಕೇಂದ್ರ ಅಪರಾಧ ವಿಭಾಗ (ಸಿಸಿಬಿ) ಆಗಿದ್ದರೆ ಎಫ್‌ಐಆರ್ ಬೇರೆ ಯಾವುದೋ ಠಾಣೆಯಲ್ಲಿರಬಹುದು. ಆನ್‌ಲೈನ್ ವಂಚನೆ, ಮಾದಕ ವಸ್ತುವಿನ ಕೇಸಾದರೆ ಆ ವಿಭಾಗದ ಸೈಬರ್ ಅಥವಾ ಮಾದಕ ವಸ್ತು ಅಪರಾಧಗಳ ಠಾಣೆಯಲ್ಲಿ ಕೇಳಬೇಕು. ಹೊರರಾಜ್ಯದ ಪೊಲೀಸರು ಬಂದು ಕರೆದೊಯ್ದಿದ್ದರೆ ಎಫ್‌ಐಆರ್ ಆ ರಾಜ್ಯದ ಜಾಲತಾಣದಲ್ಲಿರುತ್ತದೆ, ಇಲ್ಲಿ ಹುಡುಕಬೇಕಾದ್ದು ಟ್ರಾನ್ಸಿಟ್ ವಾರೆಂಟು, ಅಂದರೆ ಆ ರಾಜ್ಯಕ್ಕೆ ಕರೆದೊಯ್ಯಲು ಇಲ್ಲಿನ ಕೋರ್ಟು ಕೊಡುವ ಅನುಮತಿ. ಮುಂಜಾಗ್ರತೆಗಾಗಿ ಅದೇ ಸುರಕ್ಷಾ ಸಂಹಿತೆಯ ಕಲಂ 170ರಡಿ ಹಿಡಿದಿದ್ದರಂತೂ ಎಫ್‌ಐಆರ್ ಇರಬೇಕೆಂದೇ ಇಲ್ಲ.

ಲೆಕ್ಕ ಇಡಬೇಕಾದ ಗಡುವು 24 ಗಂಟೆ. ಪ್ರಯಾಣದ ಹೊತ್ತು ಕಳೆದು ಅಷ್ಟರೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಸಂವಿಧಾನದ 22ನೇ ವಿಧಿಯಲ್ಲೇ ಇದೆ. ರಾತ್ರಿಯೋ ರಜೆಯೋ ಆಗಿದ್ದರೆ ನ್ಯಾಯಾಧೀಶರ ಮನೆಯಲ್ಲೇ ಹಾಜರುಪಡಿಸುತ್ತಾರೆ, ಕೋರ್ಟಿನ ಬಾಗಿಲಲ್ಲಿ ಕಾದು ಕೂತವರಿಗೆ ಸುದ್ದಿಯೇ ಇರುವುದಿಲ್ಲ. ಮೆಮೊದಲ್ಲಿ ಬರೆದ ಸಮಯಕ್ಕೂ ನಿಜವಾಗಿ ಕರೆದೊಯ್ದ ಸಮಯಕ್ಕೂ ಅಂತರವಿದ್ದರೆ ನೀವು ಬರೆದಿಟ್ಟ ಫೋನ್ ಹೊತ್ತು ವಕೀಲರಿಗೆ ಉಪಯೋಗಕ್ಕೆ ಬರುತ್ತದೆ. ಗಡುವು ಮೀರಿಯೂ ಪತ್ತೆಯಿಲ್ಲವೆಂದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಗೆ (ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತನ್ನಿ ಎಂಬ ಅರ್ಜಿ) ತಡಮಾಡಬಾರದು. ಜೀವ, ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯನ್ನು ಆರ್‌ಟಿಐನಡಿ 48 ಗಂಟೆಯೊಳಗೆ ಕೊಡಬೇಕೆಂಬ ನಿಯಮವೂ ಇದೆ, ಆದರೆ ತನಿಖೆಗೆ ಅಡ್ಡಿಯೆಂದು ನಿರಾಕರಿಸಲು ಅದೇ ಕಾಯ್ದೆಯಲ್ಲಿ ದಾರಿಯಿದೆ. ಇಂಥ ಹೊತ್ತಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೊಡಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಹೇಳುತ್ತದೆ.

ಇನ್ನು ಕೋರ್ಟಿನ ದಾಖಲೆ. ಇ-ಕೋರ್ಟ್ಸ್ ಜಾಲತಾಣ, ಆ್ಯಪ್ ಎರಡಕ್ಕೂ ಶುಲ್ಕವಿಲ್ಲ. ಎಫ್‌ಐಆರ್ ಸಂಖ್ಯೆಯಿಂದಲೂ ಕಕ್ಷಿದಾರರ ಹೆಸರಿಂದಲೂ ಹುಡುಕಬಹುದು. ಸಾಧ್ಯವಾದಷ್ಟೂ ಮೊದಲನೆಯದನ್ನೇ ಬಳಸಿ. ಹೆಸರು ಅಲ್ಲಿ ಇಂಗ್ಲಿಷಿನಲ್ಲಿರುತ್ತದೆ: ಮಂಜುನಾಥನ ಕೊನೆಗೆ ‘ಎ’ ಇದೆಯೋ ಇಲ್ಲವೋ, ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ ಎಂಬುದು ಟೈಪ್ ಮಾಡಿದವರಿಗೆ ಬಿಟ್ಟದ್ದು. ಹಾಗಾಗಿ ಹೆಸರಿನ ಮೊದಲ ನಾಲ್ಕೈದು ಅಕ್ಷರ ಮಾತ್ರ ಹಾಕಿ, ವರ್ಷ ಆರಿಸಿ ನೋಡಿ. ದೋಷಾರೋಪಣ ಪಟ್ಟಿ ಸಲ್ಲಿಕೆಯಾಗುವವರೆಗೆ ಹೆಸರಿನಡಿ ಏನೂ ಕಾಣದಿರಬಹುದು. ಆರೋಪಿ ಕಸ್ಟಡಿಯಲ್ಲಿದ್ದರೆ ಆ ಪಟ್ಟಿ ಸಲ್ಲಿಸಲು ಗಡುವು 60 ದಿನ, ಹತ್ತು ವರ್ಷವೋ ಅದಕ್ಕಿಂತ ಹೆಚ್ಚೋ ಶಿಕ್ಷೆಯ ಗಂಭೀರ ಆರೋಪವಾದರೆ 90 ದಿನ. ಮೀರಿದರೆ ಆರೋಪಿ ಜಾಮೀನು ಕೇಳಬಹುದು. ಅದಕ್ಕೂ ಮುಂಚೆ ಜಾಮೀನು ಅರ್ಜಿ ಹಾಕಿದ್ದರೆ ಅದು ಕಾಣಿಸಿಕೊಳ್ಳುತ್ತದೆ. ಒಮ್ಮೆ ಸಿಎನ್‌ಆರ್ ಸಂಖ್ಯೆ ಸಿಕ್ಕಿತೆಂದರೆ ಹೆಸರಿನ ತಂಟೆ ಮುಗಿಯಿತು. ಅದು ಪ್ರತಿ ಕೇಸಿಗೂ ಇ-ಕೋರ್ಟ್ಸ್‌ನಲ್ಲಿ ಕೊಡುವ 16 ಅಕ್ಷರ-ಅಂಕಿಗಳ ಸಂಖ್ಯೆ, ಕೊನೆಯ ನಾಲ್ಕು ಅಂಕಿ ಇಸವಿ. ಮುಂದಿನ ದಿನಾಂಕ, ಕೋರ್ಟ್ ಹಾಲ್, ಆದೇಶ ಎಲ್ಲವೂ ಅದರಲ್ಲೇ.

ಮ್ಯಾಜಿಸ್ಟ್ರೇಟರು ನ್ಯಾಯಾಂಗ ಬಂಧನಕ್ಕೆ ಒಪ್ಪಿಸಿದರೆ ಸಾಮಾನ್ಯವಾಗಿ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹ. ಪೊಲೀಸ್ ಕಸ್ಟಡಿಗೆ ಕೊಟ್ಟಿದ್ದರೆ ಜೈಲಿನಲ್ಲಿ ಕೇಳಿ ಫಲವಿಲ್ಲ, ತನಿಖಾಧಿಕಾರಿಯನ್ನೇ ಕೇಳಬೇಕು. ಹದಿನೆಂಟು ತುಂಬದ ಹುಡುಗನಾದರೆ ಜೈಲಿಗೆ ಕಳಿಸುವಂತೆಯೇ ಇಲ್ಲ. ಬಾಲನ್ಯಾಯ ಮಂಡಳಿ, ವೀಕ್ಷಣಾಲಯ ಎಂಬ ಬೇರೆ ದಾರಿ, ಹೆಸರು ಬಹಿರಂಗಪಡಿಸುವುದೂ ನಿಷಿದ್ಧ. ಭೇಟಿಗೆ ಇ-ಪ್ರಿಸನ್ಸ್ ಜಾಲತಾಣದ ಇ-ಮುಲಾಕಾತ್‌ನಲ್ಲಿ ನೋಂದಾಯಿಸಬಹುದು: ರಾಜ್ಯ, ಜೈಲು, ಕೈದಿಯ ಹೆಸರು, ನಿಮ್ಮ ಗುರುತಿನ ಚೀಟಿಯ ವಿವರ, ಒಟಿಪಿ. ಅಲ್ಲೂ ಹೆಸರಿನ ಕಾಟ ತಪ್ಪಿದ್ದಲ್ಲ. ಜೈಲಿನವರು ಬರೆದುಕೊಳ್ಳುವುದು ವಾರೆಂಟಿನಲ್ಲಿ ಇದ್ದಂತೆ, ಆಧಾರ್‌ನಲ್ಲಿ ಇದ್ದಂತೆ ಅಲ್ಲ. ಕಾರಾಗೃಹಕ್ಕೆ ಹೋಗುವಾಗ ಒಂದು ಚೀಟಿಯಲ್ಲಿ ಹೆಸರು, ತಂದೆಯ ಹೆಸರು, ಠಾಣೆ, ಕ್ರೈಂ ನಂಬರ್, ಒಪ್ಪಿಸಿದ ಕೋರ್ಟು, ತಾರೀಖು ಬರೆದುಕೊಂಡು ಹೋಗಿ. ಒಂದು ಸಲ ಸಿಕ್ಕರೆ ವಿಚಾರಣಾಧೀನ ಕೈದಿ ಸಂಖ್ಯೆಯನ್ನೂ ಅದೇ ಚೀಟಿಗೆ ಸೇರಿಸಿಕೊಳ್ಳಿ, ಮುಂದಿನ ಭೇಟಿಗೆ ಅದೊಂದೇ ಸಾಕಾಗುತ್ತದೆ.